ಮನೆಯಿಂದ ಮನೆಗೆ ಇಪ್ಪತ್ತಾರು ಗಂಟೆ

ನಮ್ಮ ವಿಮಾನ ಟಿಕೆಟ್ ಅಂಗಡಿಯಲ್ಲಿ ನನ್ನ ಎದುರು ಮೇಜಿನವಳಿಗೆ ಗಿರಾಕಿಗಳು ಇಟ್ಟ ಹೆಸರು ಗಡಿಯಾರದಮ್ಮ. ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕೂತು ಅವಳ ಸೊಂಟ ಹಿಡಿದುಹೋಗಿದೆ. ಮಧ್ಯಾಹ್ನವಾಗುತ್ತಲೇ ಕಾಲು ಊದುತ್ತದೆ. ಚಪ್ಪಲಿ ಬಿಚ್ಚಿ, ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯ ಮೇಲೆ ಕಾಲು ಚಾಚಿಕೊಂಡೇ ಊರ ಜನರನ್ನೆಲ್ಲ ವಿಮಾನ ಹತ್ತಿಸುತ್ತಾಳೆ. ತಾನು ಹತ್ತಿದ್ದು ಒಂದೇ ಸಲ, ದೂರದೇಶದ ಅಕ್ಕನ ಮನೆಗೆ.

ಆ ದೇಶಕ್ಕೆ ಎಷ್ಟು ಹೊತ್ತಿನ ದಾರಿ ಎಂದು ಯಾರಾದರೂ ಕೇಳಿದರೆ ನಾವೆಲ್ಲ ಪರದೆ ನೋಡಿ ಹನ್ನೊಂದು ಗಂಟೆ ಎಂದು ಕೈತೊಳೆದುಕೊಳ್ಳುತ್ತೇವೆ. ಇವಳು ಬಿಡಬೇಕಲ್ಲ! “ಅದು ಗಾಳೀಲಿರೋ ಹೊತ್ತು ಅಷ್ಟೇ. ಸಾಲಲ್ಲಿ ನಿಲ್ಬೇಕು, ನಡುವೆ ಇಳಿದು ಇನ್ನೊಂದು ವಿಮಾನಕ್ಕೆ ಕಾಯ್ಬೇಕು, ಪೆಟ್ಟಿಗೆ ಬರ್ಬೇಕು. ಮನೆಯಿಂದ ಮನೆಗೆ ಇಪ್ಪತ್ತಾರು ಅಂತಿಟ್ಕೊಳ್ಳಿ” ಎನ್ನುತ್ತಾಳೆ. ಗಿರಾಕಿ ಮುಖ ಸಿಂಡರಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಅದೇ ವಿಮಾನಕ್ಕೆ ಹನ್ನೊಂದೇ ಗಂಟೆ. ನಮ್ಮ ಅಂಗಡಿ ಯಜಮಾನರು ತಲೆ ಚಚ್ಚಿಕೊಳ್ಳುತ್ತಾರೆ.

ಮೊನ್ನೆ ಊಟವಾಗಿ ಎಲ್ಲರೂ ತೂಕಡಿಸುತ್ತಿದ್ದಾಗ ಅವಳಿಗೆ ಅಕ್ಕನ ಮಗಳ ಫೋನ್ ಬಂತು. ಅಕ್ಕ ಆಸ್ಪತ್ರೆ ಸೇರಿ ವಾರವಾಗಿತ್ತು.

“ಚಿಕ್ಕಮ್ಮಾ, ಇವತ್ತು ದಾಟೋದು ಕಷ್ಟ ಅಂತಿದಾರೆ ಡಾಕ್ಟ್ರು. ಕಣ್ಣು ಬಿಟ್ಟಾಗೆಲ್ಲ ಅಮ್ಮ ನಿನ್ನನ್ನೇ ಕೇಳ್ತಾಳೆ.”

ನಾನು ಬಿದ್ದೆನೋ ಎದ್ದೆನೋ ಎಂದು ಹುಡುಕಿ ಸಂಜೆಯ ವಿಮಾನದಲ್ಲಿ ಸೀಟು ಹಿಡಿದೆ. “ಬಟ್ಟೆಬರೆ ಹಾಳಾಗಿಹೋಗ್ಲಿ, ಪಾಸ್‌ಪೋರ್ಟ್ ತಗೊಂಡು ಹೊರಡೇ.”

ಅವಳು ಏಳಲಿಲ್ಲ. “ನಾ ಇಳಿಯೋಷ್ಟರಲ್ಲಿ ಅವಳಿರಲ್ಲ ಕಣೆ. ಗಾಳೀಲಿರೋವಾಗ ಫೋನೂ ಸಿಗಲ್ಲ. ಅವಳು ನನ್ನ ಕೇಳೋ ಹೊತ್ತಿಗೆ ನಾನು ಅಲ್ಲೂ ಇರಲ್ಲ, ಇಲ್ಲೂ ಇರಲ್ಲ.”

ನನಗೆ ಮೈಯೆಲ್ಲ ಉರಿಯಿತು. “ಒಡಹುಟ್ಟಿದವಳು ಸಾಯ್ತಿದ್ರೂ ಲೆಕ್ಕ ಹಾಕ್ತಾ ಕೂತ್ಲು ಅಂತ ನಾಳೆ ನಿಮ್ಮವರೇ ಆಡ್ಕೊಳ್ತಾರೆ.”

“ಆಡ್ಕೊಳ್ಲಿ” ಎಂದವಳು ತಾನೇ ಕೈಯಾರೆ ಆ ಸೀಟು ರದ್ದು ಮಾಡಿದಳು.

ಆಮೇಲೆ ಫೋನನ್ನು ಅಕ್ಕನ ಕಿವಿಗೆ ಹಿಡಿಯಲು ಹೇಳಿ ಮಾತು ಶುರುಮಾಡಿದಳು. “ನೀ ಕೊಟ್ಟ ಶಾಲು ಇಲಿ ಕಡಿದಿದೆ, ಬೈಬೇಡ. ನಮ್ಮ ಅಂಗಡಿ ಯಜಮಾನ್ರು ಫ್ಯಾನ್ ರಿಪೇರಿ ಮಾಡಿಸ್ತೀನಿ ಅಂತ ಇನ್ನೂ ಹೇಳ್ತಾನೇ ಇದಾರೆ.” ಇಂಥವೇ ಮಾತು, ತಲೆಬುಡವಿಲ್ಲದ್ದು. ನಡುನಡುವೆ ನಾನು ನೀರು ಕೊಟ್ಟೆ. ಮಾತೆತ್ತಿದರೆ ಸಿಡುಕುವ ಯಜಮಾನರು ಸದ್ದಾಗದಂತೆ ಹೊರಬಾಗಿಲು ಮುಂದೆ ಮಾಡಿ, ಗಿರಾಕಿಗಳ ಬೆಂಚಿನ ಮೇಲೆ ಕೂತುಬಿಟ್ಟರು. ಮೂವರಿಗೂ ಸಾಕಾಗಿಹೋಗಿತ್ತು, ಆದರೆ ಅವಳು ಮಾತು ನಿಲ್ಲಿಸಲಿಲ್ಲ.

ಹೊತ್ತಿಳಿಯುವಾಗ ಆ ಕಡೆಯಿಂದ ಕ್ಷೀಣ ದನಿಯೊಂದು ನನಗೂ ಕೇಳಿಸಿತು. “ಬಂದ್ಯಾ?”

ಗಿರಾಕಿ ಕೈತಪ್ಪಿದರೂ ಹೊತ್ತಿನ ವಿಷಯದಲ್ಲಿ ಸುಳ್ಳಾಡದ ಹೆಂಗಸು ಎರಡೂ ಕೈಯಲ್ಲಿ ಫೋನ್ ಹಿಡಿದು ಬಗ್ಗಿದಳು.

“ಬಂದೆ ಅಕ್ಕಾ. ಈಗ ತಾನೇ ಬಂದೆ. ನಿನ್ನ ಪಕ್ಕದಲ್ಲೇ ಕೂತಿದೀನಿ, ಮಲಕ್ಕೋ.”