ಗಡಿ ಸರಿಯುತ್ತದೆ ಎಂದವಳ ಮನೆಗೆ

ಮಂಗಳೂರಿನ ಬಜಪೆಯಲ್ಲಿ ವಿಮಾನ ಇಳಿದಾಗ ಬೆಳಿಗ್ಗೆ ಒಂಬತ್ತೂವರೆ. ಬೆಂಗಳೂರಿನಲ್ಲಿ ಹೊದ್ದಿದ್ದ ಶಾಲನ್ನು ಸೆಕೆಗೆ ವಿಮಾನದ ಬಾಗಿಲಲ್ಲೇ ತೆಗೆದು ಚೀಲಕ್ಕೆ ತುರುಕಿದೆ. ಅದರೊಳಗೆ ಸುಜಾತಳ ಕೈಬರಹದ ಆರು ಹಾಳೆಗಳಿದ್ದವು.

ನಾವಿಬ್ಬರೂ ಒಂದೇ ಮೇಜಿನಲ್ಲಿ ಕೂತು ಸಂಶೋಧನೆ ಮಾಡಿದವರು. ಸೂರ್ಯನಿಂದ ಕಣಗಳ ಗಾಳಿಯೊಂದು ಸದಾ ಬೀಸುತ್ತಿರುತ್ತದೆ. ಗ್ರಹಗಳನ್ನೆಲ್ಲ ದಾಟಿ ಬಹುದೂರ ಹೋದ ಮೇಲೆ ಅದು ಒಮ್ಮೆಲೇ ನಿಧಾನವಾಗುತ್ತದೆ. ಅಲ್ಲೊಂದು ಆಘಾತ ತರಂಗ ಗಡಿಯಂತೆ ನಿಂತಿರುತ್ತದೆ. ನಿಂತಿರುತ್ತದೆ ಎಂದವಳು ನಾನು. ಗಾಳಿ ಏರಿಳಿದಂತೆ ಗಡಿಯೂ ಹಿಂದೆ ಮುಂದೆ ಸರಿಯುತ್ತದೆ, ಒಂದೇ ನೌಕೆ ಅದನ್ನು ಹಲವು ಸಲ ದಾಟಬೇಕಾದೀತು ಎಂದವಳು ಸುಜಾತ. ನಮ್ಮ ಪ್ರಬಂಧ ಕಳಿಸುವ ದಿನ ಅವಳು ಊರಿಗೆ ಹೋಗಿದ್ದಳು. ಮಾರ್ಗದರ್ಶಕರಿಗೆ ಹಿಡಿಸಲಿಲ್ಲವೆಂದು ಅವಳು ಬರೆದ ಆ ಭಾಗವನ್ನು, ಈ ಆರು ಹಾಳೆಗಳನ್ನು, ನಾನೇ ಕಿತ್ತುಹಾಕಿದೆ. ಅವಳು ಜಗಳವಾಡಲಿಲ್ಲ. ಸಂಶೋಧನೆ ಬಿಟ್ಟು, ಮಂಗಳೂರಿನಲ್ಲಿ ಅಣ್ಣನ ಹೋಟೆಲು ನೋಡಿಕೊಂಡಳು.

ಮುಂದೆ ನೌಕೆಯೊಂದು ಆ ಗಡಿ ಮುಟ್ಟಿತು. ಗಡಿ ಅದರ ಮೇಲೆ ಹಾದುಹೋಗಿ, ಹಿಂತಿರುಗಿ ಬಂದು, ಮತ್ತೆ ಹಾದಿತ್ತು. ನಾನು ಸುಜಾತಳಿಗೆ ಫೋನು ಮಾಡಲಿಲ್ಲ. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಹೋಯಿತೆಂದು ಕಳೆದ ತಿಂಗಳು ಕೇಳಿದ ಮೇಲೆ ಟಿಕೆಟ್ ತೆಗೆದೆ.

ನಂತೂರಿನಲ್ಲಿ ಲಾರಿಗಳ ಸಾಲಿಗೆ ಸಿಕ್ಕಿ ಬಸ್ಸು ಅರ್ಧ ಗಂಟೆ ಕದಲಲಿಲ್ಲ. ಇಳಿದು ಪಡೀಲಿನ ಅವಳ ಮನೆಗೆ ರಿಕ್ಷಾ ಹಿಡಿದೆ. "ಪಡೀಲಿನಲ್ಲಿ ಎಂತ, ಮದುವೆಯಾ?" ಎಂದ ಚಾಲಕ. "ಇಲ್ಲ, ಕ್ಷಮೆ ಕೇಳಲಿಕ್ಕೆ" ಎಂದುಬಿಟ್ಟೆ.

ಸುಜಾತ ಜಗಲಿಯಲ್ಲಿ ಕೂತಿದ್ದಳು. ನನ್ನ ದನಿ ಕೇಳಿ ತಲೆ ಎತ್ತಿದಳು, ಏಳಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನೀನು ಹೇಳಿದ್ದೇ ಸರಿ, ಸುಜಾತ. ಗಡಿ ಸರಿದಿತ್ತು" ಎಂದೆ.

"ಗೊತ್ತುಂಟು. ಆ ವರ್ಷವೇ ಓದಿದ್ದೆ" ಎಂದಳು. "ನಿನ್ನ ಫೋನಿಗೆ ಕಾದೆ ಮಾರಾಯ್ತಿ. ಎಷ್ಟು ಸಮಯ ಕಾದೆ!"

ಹಾಳೆಗಳನ್ನು ಅವಳ ಮಡಿಲಿಗಿಟ್ಟೆ. ಅವಳು ಅಂಚು ಸವರಿ ನೋಡಿ, "ಓದು" ಎಂದಳು. ಆರೂ ಹಾಳೆ ಓದಿದೆ. ಮೂರನೆಯದರಲ್ಲಿ ತನ್ನದೇ ತಪ್ಪೊಂದನ್ನು ಹಿಡಿದು ತಿದ್ದಿಸಿದಳು.

ಅವಳ ಅತ್ತಿಗೆ ಬಿಸಿ ಗೋಳಿಬಜೆಯ ತಟ್ಟೆ ತಂದಿಟ್ಟು ಕೇಳಿದರು: "ಆಗದಿಂದ ಎಂತ ಗಡಿ, ಗಡಿ ಅಂತ ಹೇಳ್ತಿದ್ದೀರಿ? ಜಾಗದ ತಕರಾರಾ?"

ಸುಜಾತ ನಕ್ಕಳು. ಗೋಡೆ ಹಿಡಿದು ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದೊಯ್ದು, ಸಿಂಕಿನಲ್ಲಿ ಸ್ಟೀಲ್ ತಟ್ಟೆ ಕವುಚಿ ನಲ್ಲಿ ಬಿಟ್ಟಳು. ಬಿದ್ದ ನೀರು ತೆಳ್ಳಗೆ ರಭಸದಿಂದ ಹರಡಿತು. ತುಸು ದೂರದಲ್ಲಿ ಉಬ್ಬಿ, ನೀರಿನದೇ ಒಂದು ಬಳೆ ಕಟ್ಟಿ, ಅದರಾಚೆ ದಪ್ಪಗೆ ನಿಧಾನವಾಗಿ ಹರಿಯಿತು. ಅವಳು ಬೆರಳಿನಿಂದ ತಡಕಿ ಬಳೆಯನ್ನು ಕಂಡುಕೊಂಡು, ಬೆರಳನ್ನು ಅದರ ಒಳಗೇ ಇಟ್ಟಳು.

"ಸೂರ್ಯನ ಗಾಳಿ ಹೀಗೆ ಅತ್ತಿಗೆ, ಈ ಬಳೆಯೇ ಗಡಿ. ಈಗ ನೀರು ಸ್ವಲ್ಪ ಕಮ್ಮಿ ಮಾಡಿ."

ಬಳೆ ಕುಗ್ಗಿ ಬೆರಳನ್ನು ದಾಟಿ ಒಳಸರಿಯಿತು.

"ನನ್ನ ಬೆರಳು ಅಲ್ಲೇ ಉಂಟಲ್ಲ? ಆದರೂ ಈಗ ಅದು ಹೊರಗೆ."

ಸಂಜೆಯ ವಿಮಾನಕ್ಕೆ ಹೊರಟಾಗ, "ಆ ಆರು ಹಾಳೆ ಅಚ್ಚಾಗಬೇಕು. ತೆಗೆದದ್ದು ಯಾರು ಅಂತಲೂ ಬರಿ" ಎಂದಳು. ಬರೆಯುತ್ತೇನೆ ಎಂದೆ. ಕ್ಷಮಿಸಿದ್ದೇನೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೇಟು ದಾಟುವಾಗ ತಿರುಗಿ ನೋಡಿದೆ. ಅವಳ ಮುಖ ರಸ್ತೆಯ ಕಡೆಗಿತ್ತು, ನನ್ನ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟಂತೆ. ಆ ಸದ್ದು ಅವಳಿಗೆ ಇನ್ನಷ್ಟು ಹೊತ್ತು ಕೇಳಲಿ ಎಂದು ನಿಧಾನವಾಗಿ ನಡೆದೆ.