ಗಡುವಕ್ಕನ ಕೊನೆಯ ಫೋನು

ನಮ್ಮ ಕಾರ್ಖಾನೆಯಲ್ಲಿ ಯಾರ ಬೆರಳಿಗೆ ತಗಡು ತಾಗಿದರೂ ರಕ್ತಕ್ಕಿಂತ ಮೊದಲು ಗಡುವಕ್ಕ ಬಂದಿರುತ್ತಾಳೆ. ಕೆಲಸದಲ್ಲಿ ಆದ ಗಾಯಗಳ ವಿವರವನ್ನು ವರ್ಷಕ್ಕೊಮ್ಮೆ, ಗಡುವಿನೊಳಗೆ, ಸರ್ಕಾರದ ವೆಬ್‌ಸೈಟಿಗೆ ಏರಿಸುವುದು ಅವಳ ಕೆಲಸ. ಆ ಅಡ್ಡಹೆಸರು ಬಂದದ್ದೂ ಅದರಿಂದಲೇ. "ಎಲ್ಲಿ, ಕೈ ತೋರ್ಸಿ! ಕೊನೇ ದಿನದವರೆಗೂ ಕೂತ್ರೆ ಆ ವೆಬ್‌ಸೈಟು ತೆರೆಯೋದೇ ಇಲ್ಲ ಕಣ್ರೀ," ಎಂದು ಎಲ್ಲರ ಬೆನ್ನು ಹತ್ತುತ್ತಾಳೆ. ಊಟದ ಡಬ್ಬಿಯ ಮುಚ್ಚಳಕ್ಕೆ ಬೆರಳು ಸಿಕ್ಕಿಸಿಕೊಂಡು ಮೇಜಿನಡಿ ಅಡಗಿಸಿಟ್ಟ ಮ್ಯಾನೇಜರರನ್ನೂ ಬಿಟ್ಟವಳಲ್ಲ. ಗಡುವಿಗೆ ವಾರವಿರುವಾಗಲೇ ಎಲ್ಲರದೂ ಮುಗಿದಿರುತ್ತದೆ, ಒಬ್ಬನದನ್ನು ಬಿಟ್ಟು. ಭುಜಕ್ಕೆ ಪೆಟ್ಟಾಗಿ ಕೆಲಸ ಬಿಟ್ಟುಹೋದ ವೆಲ್ಡರ್ ಅವನು. ಹಳೆಯ ಗಾಯ ಈಗ ಹೇಗಿದೆ ಎಂಬುದನ್ನೂ ತಿಳಿಸಬೇಕಂತೆ. ಅಂಥ ನಿಯಮವನ್ನು ಅವಳ ಹೊರತು ಯಾರೂ ಕಂಡಿಲ್ಲ. ಕೊನೆಯ ದಿನ ಮಧ್ಯಾಹ್ನ ತಲೆ ಬಾಚಿಕೊಂಡು ಬಂದು ಅವನಿಗೆ ಫೋನು ಮಾಡುತ್ತಾಳೆ. ಫೋನಿನಲ್ಲಿ ಆ ಜಡೆ ಯಾರಿಗೆ ಕಾಣಬೇಕೋ! "ಭುಜ ಹೇಗಿದೆ ರೀ? ನೋವು ಪೂರ್ತಿ ಹೋಯ್ತಾ?" ಎಂದು ಕೇಳಿ ಉಸಿರು ಬಿಗಿಹಿಡಿಯುತ್ತಾಳೆ. ಅದೇ ಭುಜದ ಮೇಲೆ ಅವನು ಸಿಮೆಂಟು ಮೂಟೆ ಹೊತ್ತು ಮಹಡಿ ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಪಕ್ಕದ ಮೇಜಿನ ನನಗೂ ಕೇಳುವಂತೆ ಪ್ರತಿ ವರ್ಷ ಅದೇ ಉತ್ತರ ಬರುತ್ತದೆ: "ಇನ್ನೂ ಸ್ವಲ್ಪ ಇದೆ ಮೇಡಂ. ಮುಂದಿನ ವರ್ಷಾನೂ ಕೇಳಿ."