ಖಾಲಿ ಕಳಿಸಬಾರದ ಪಾತ್ರೆ

ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಕೆಲವು ವರ್ಷ ಹಿತ್ತಾಳೆ ಪಾತ್ರೆ ಮಾರಿದೆ. ಮನೆಯಲ್ಲಿ ಒಂದು ಲೋಟದಷ್ಟೂ ಸರಕು ಇರಲಿಲ್ಲ. ವೆಬ್‌ಸೈಟಿಗೆ ಬಂದ ಆರ್ಡರನ್ನು ಬ್ರಿಸ್ಬೇನಿನ ಗೋದಾಮಿಗೆ ದಾಟಿಸುತ್ತಿದ್ದೆ. ಅವರು ನನ್ನ ಅಂಗಡಿಯ ಚೀಟಿ ಅಂಟಿಸಿ ನೇರವಾಗಿ ಗಿರಾಕಿಯ ಮನೆಗೆ ಕಳಿಸುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನಗೆ ಕೆಸರಿಲ್ಲದೆಯೇ ಮೊಸರು ಸಿಗುತ್ತಿತ್ತು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಒಮ್ಮೆ, ನಮಗೆ ಪೂರ್ವದಲ್ಲಿ ಮೂರು ಗಂಟೆಯ ವಿಮಾನದ ದೂರದಲ್ಲಿರುವ ಅಡಿಲೇಡಿನ ಬ್ಲೇರ್ ಅಥಾಲ್‌ನಿಂದ ಒಬ್ಬ ಆಂಟಿ ಫೋನ್ ಮಾಡಿದರು. ಮೈಸೂರಿನವರು. ಅವರ ಮಗಳು ಇಲ್ಲೇ ಪರ್ತ್‌ನ ಜೂಂಡಲಪ್‌ನಲ್ಲಿ ಮನೆ ಕಟ್ಟಿಸಿದ್ದಳು, ಗೃಹಪ್ರವೇಶ ಹತ್ತಿರದಲ್ಲಿತ್ತು. ಮಂಡಿ ಆಪರೇಷನ್ ಆಗಿದ್ದರಿಂದ ಇವರು ವಿಮಾನ ಹತ್ತುವಂತಿರಲಿಲ್ಲ. ತಾವು ಹೋಗದಿದ್ದರೂ ಹಾಲು ಉಕ್ಕಿಸುವ ಪಾತ್ರೆ ತವರಿನಿಂದಲೇ ಹೋಗಬೇಕೆಂದು ಆರ್ಡರ್ ಮಾಡಿದ್ದರು.

"ಖಾಲಿ ಪಾತ್ರೆ ಮಾತ್ರ ಕಳಿಸ್ಬೇಡಮ್ಮ," ಅಂದರು. "ಒಂದ್ ಹಿಡಿ ಅಕ್ಕಿ ಹಾಕ್ಬಿಡು. ಖಾಲಿ ಹೋಗೋದಾದ್ರೆ ಹೋಗೋದೇ ಬೇಡ."

ಆಗಲಿ ಎಂದುಬಿಟ್ಟೆ. ಅನ್ನುವುದಕ್ಕೆ ನನ್ನ ಗಂಟೇನು ಹೋಗುತ್ತಿತ್ತು? ಗೋದಾಮಿನವನಿಗೆ ಹೇಳಿದರೆ, ಡಬ್ಬ ಬಿಚ್ಚುವುದು ನಮ್ಮ ಕೆಲಸವಲ್ಲ ಎಂದ. ಅಕ್ಕಿ ಯಾಕೆಂದು ವಿವರಿಸಿದ ಮೇಲೆ ಅದನ್ನೇ ಇನ್ನಷ್ಟು ಮರ್ಯಾದೆಯಿಂದ ಹೇಳಿದ. ಕೊನೆಗೆ ಪಾತ್ರೆಯನ್ನು ನನ್ನ ಮನೆಗೇ ತರಿಸಿಕೊಂಡೆ. ಮಾರುತ್ತಿದ್ದ ಸರಕನ್ನು ಮುಟ್ಟಿ ನೋಡಿದ್ದು ಅವತ್ತೇ ಮೊದಲು. ಫೋಟೋದಲ್ಲಿ ಕಂಡದ್ದಕ್ಕಿಂತ ಭಾರವಾಗಿತ್ತು. ನಮ್ಮ ಡಬ್ಬಿಯ ಸೋನಾ ಮಸೂರಿ ಹಾಕಿ, ಗೃಹಪ್ರವೇಶದ ಬೆಳಿಗ್ಗೆ ಕಾರಿನಲ್ಲಿ ಜೂಂಡಲಪ್‌ಗೆ ಹೊರಟೆ. ಇದೆಂಥ ಬಿಟ್ಟಿ ಚಾಕರಿ ಎಂದು ದಾರಿಯುದ್ದಕ್ಕೂ ಗೊಣಗಿದೆ.

ಬಾಗಿಲಲ್ಲೇ ಕೊಟ್ಟು ಹಿಂತಿರುಗುವವಳಿದ್ದೆ. ಮಗಳು ಮುಚ್ಚಳ ತೆಗೆದು ಅಕ್ಕಿ ನೋಡಿದಳು. ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅಕ್ಕಿಯನ್ನು ತಟ್ಟೆಗೆ ಸುರಿದು, ಪಾತ್ರೆ ತೊಳೆದು, ಒಲೆಯ ಮೇಲಿಟ್ಟಳು. ಹೊಗೆಗೆ ಅರಚಿಕೊಳ್ಳದಿರಲೆಂದು ಅವಳ ಗಂಡ ಕುರ್ಚಿ ಹತ್ತಿ ಸ್ಮೋಕ್ ಅಲಾರಂಗೆ ಟವೆಲ್ ಸುತ್ತುತ್ತಿದ್ದ. ಫೋನಿನ ಪರದೆಯಲ್ಲಿ ಆಂಟಿ ರೇಷ್ಮೆ ಸೀರೆ ಉಟ್ಟು ಕೂತಿದ್ದರು.

ಅಮ್ಮ ಹಾಕಬೇಕಾಗಿದ್ದ ಹಾಲನ್ನು ಈಗ ಯಾರು ಹಾಕುವುದು ಎಂದು ಮಗಳು ಕೇಳಿದಳು. ಆಂಟಿ ನನ್ನನ್ನು ಕರೆದರು.

"ನೀನೇ ಹಾಕಮ್ಮ. ಇವತ್ತು ನನ್ ಕೈ ಅಂದ್ರೆ ನಿಂದೇ."

ಇನ್ನೊಬ್ಬರ ಕೈಯಿಂದ ಕಳಿಸುವುದೇ ನನ್ನ ವ್ಯಾಪಾರವಾಗಿತ್ತು. ನಾನೇ ಒಬ್ಬರ ಕೈ ಆಗುವುದು ಹೊಸದು. ಹೆದರಿಕೆಯಾಯಿತು. ಹಾಲು ಸುರಿದೆ. ಅದು ಉಕ್ಕಿ ಹೊಸ ಒಲೆಯ ಮೇಲೆಲ್ಲ ಹರಿಯಿತು, ಒರೆಸಲು ಯಾರೂ ಬಟ್ಟೆ ಹುಡುಕಲಿಲ್ಲ. ಯಾವ ದಿಕ್ಕಿಗೆ ಉಕ್ಕಿತು ಎಂದು ಆಂಟಿ ಕೇಳಿದರು.

ಆ ಅಡುಗೆಮನೆಯಲ್ಲಿ ಯಾವ ಕಡೆ ಯಾವ ದಿಕ್ಕೋ ನನಗೆ ಗೊತ್ತಿರಲಿಲ್ಲ.

"ಪೂರ್ವಕ್ಕೆ ಆಂಟಿ," ಎಂದೆ. "ನಿಮ್ ಕಡೆಗೇ."